ಹೊಳೆಯ ಮನೆಯ ಹೊಸ್ತಿಲು

ಕಲಬುರಗಿಯ ಜಗತ್ ಬಡಾವಣೆಯಲ್ಲಿ ಹುಟ್ಟಿ ಬೆಳೆದವನಿಗೆ ಜಲಯಾನದ ವಿಷಯವಾಗಿ ಬರೆಯುವ ಅಧಿಕಾರ ಎಲ್ಲಿಂದ ಬಂತೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ನೀರೆಂಬುದು ವಿಹಾರದ ವಸ್ತುವಲ್ಲ. ಅದು ಕೊಡದ ವಸ್ತು, ನಲ್ಲಿಯ ವಸ್ತು, ವೈಶಾಖ ಮಾಸದಲ್ಲಿ ನೆರೆಹೊರೆಯವರ ಸ್ನೇಹವನ್ನು ಪರೀಕ್ಷಿಸುವ ವಸ್ತು. ಸಂಜೆಯ ಹೊತ್ತು ಅಪ್ಪನ ಕೆರೆಯ ದಂಡೆಯ ಮೇಲೆ ಕುಳಿತು ಹುರಿದ ಶೇಂಗಾ ತಿಂದುದಷ್ಟೇ ನನ್ನ ಪಾಲಿನ ಜಲಾನುಭವ. ತರಗತಿಯಲ್ಲಿ ಮಾತ್ರ ನಾನು ಅನೇಕ ನದಿಗಳನ್ನು ದಾಟಿದ್ದೇನೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದಷ್ಟೆ. ಅದನ್ನು ಪ್ರತಿವರ್ಷವೂ ಕಾಲು ತೋಯಿಸಿಕೊಳ್ಳದೆ ಪಾಠ ಹೇಳಿ ಮುಗಿಸುತ್ತ ಬಂದಿದ್ದೇನೆ.

ಹೀಗಿದ್ದ ನನ್ನನ್ನು ನೀರಿಗಿಳಿಸಿದವನು ನನ್ನ ಬಾಲ್ಯದ ಗೆಳೆಯ. ನಮ್ಮಿಬ್ಬರ ಮನೆಗಳೂ ಒಂದೇ ಓಣಿಯಲ್ಲಿದ್ದವು. ಅವನ ಮನೆಯ ಹೊಸ್ತಿಲು ಶಹಾಬಾದಿನ ಪರಸಿಯದು, ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಅದರ ಮೇಲೆ ಒಬ್ಬರ ಪಕ್ಕದಲ್ಲೊಬ್ಬರು ಕುಳಿತು ನಾವು ಓದಿದ್ದೇ ಹೆಚ್ಚು, ಶಾಲೆಯಲ್ಲಿ ಓದಿದ್ದು ಕಡಿಮೆ. ಮುಂದೆ ನಾನು ಕನ್ನಡ ಎಂ.ಎ. ಮಾಡಿ ಊರಲ್ಲೇ ಉಳಿದೆ. ಅವನು ಗಣಕಯಂತ್ರದ ವಿದ್ಯೆ ಕಲಿತು ಅಮೆರಿಕೆಯ ಮಿನ್ನೆಸೋಟ ಸಂಸ್ಥಾನಕ್ಕೆ ಹೋದ. 2025ರ ಜನವರಿಯಲ್ಲಿ ಅವನು ಊರಿಗೆ ಬಂದುದು ಸಂತೋಷದ ಕೆಲಸಕ್ಕಲ್ಲ. ತಂದೆಯವರು ತೀರಿಕೊಂಡು ವರ್ಷ ತುಂಬಿತ್ತು. ಮನೆಯನ್ನು ಮಾರಿ, ಕಾಗದಪತ್ರಗಳಿಗೆ ರುಜು ಹಾಕಿ ಹಿಂದಿರುಗಬೇಕೆಂದು ಮೂರು ವಾರಗಳ ರಜೆಯ ಮೇಲೆ ಬಂದಿದ್ದ. ಕೊಳ್ಳುವವರು ಸಿಕ್ಕಿದ್ದರು. ಆದರೆ ಮನೆ ತೆರವಾಗಿರಬೇಕೆಂಬುದು ಅವರ ಕರಾರು. ಮನೆಯಲ್ಲಿ ಬಾಡಿಗೆಗಿದ್ದವರು ಗಂಡ, ಹೆಂಡತಿ, ಇಬ್ಬರು ಮಕ್ಕಳು; ಹಿರಿಯವಳು ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬೇಕಾದವಳು. ಅವರಿಗೆ ಗೆಳೆಯನು ಹದಿನೈದು ದಿವಸಗಳ ಗಡುವು ಕೊಟ್ಟಿದ್ದ. ಅದನ್ನು ನನಗೆ ಹೇಳುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ನಾನೂ ಏನೂ ಹೇಳಲಿಲ್ಲ. ಪರರ ಮನೆಯ ವ್ಯವಹಾರದಲ್ಲಿ ಮೌನವಾಗಿರುವುದು ಸಭ್ಯತೆಯೆಂದು ನಾವು ಓದಿದವರು ಭಾವಿಸಿಕೊಂಡಿದ್ದೇವೆ.

ಗಡುವಿನ ಆ ದಿವಸಗಳನ್ನು ಕಳೆಯುವುದಕ್ಕಾಗಿಯೋ, ಓಣಿಯಿಂದ ದೂರವಿರುವುದಕ್ಕಾಗಿಯೋ, ಗೆಳೆಯನು ಒಂದು ದಿನ, “ಎಲ್ಲಿಯಾದರೂ ನೀರಿನ ಮ್ಯಾಲೆ ಹೋಗೋಣೇನೋ?” ಎಂದು ಕೇಳಿದ. ಮಿನ್ನೆಸೋಟದ ಉತ್ತರ ಗಡಿಯಲ್ಲಿ, ಕೆನಡಾ ದೇಶಕ್ಕೆ ತಾಗಿಕೊಂಡು, ಸಾವಿರಕ್ಕೂ ಮಿಕ್ಕಿದ ಸರೋವರಗಳ ಒಂದು ಅರಣ್ಯವಿದೆಯಂತೆ. ಹತ್ತು ಲಕ್ಷ ಎಕರೆಗೂ ಹೆಚ್ಚಿನ ವಿಸ್ತಾರ. ಅಲ್ಲಿಯ ಜನ ಉದ್ದನೆಯ ಹಗುರವಾದ ಕನೂ ದೋಣಿಗಳಲ್ಲಿ ಗುಡಾರ, ಅಡಿಗೆಯ ಸಾಮಾನು ತುಂಬಿಕೊಂಡು ದಿನಗಟ್ಟಲೆ ಸಂಚರಿಸುತ್ತಾರೆ. ಒಂದು ಸರೋವರ ಮುಗಿದು ಮತ್ತೊಂದು ಮೊದಲಾಗುವವರೆಗೆ ದೋಣಿಯನ್ನು ತಲೆಯ ಮೇಲೆ ಹೊತ್ತು ಕಾಡಿನ ಕಾಲುದಾರಿಯಲ್ಲಿ ನಡೆಯುತ್ತಾರೆ. ಆ ದಾರಿಗಳ ಉದ್ದವನ್ನು ಮೈಲಿಗಳಲ್ಲಿ ಅಳೆಯದೆ, ಹದಿನಾರೂವರೆ ಅಡಿಯ ‘ರಾಡ್’ ಎಂಬ ಹಳೆಯ ಮಾನದಲ್ಲಿ ಅಳೆಯುತ್ತಾರೆ. ಅದು ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ಒಂದು ತಂಡದಲ್ಲಿ 9 ಜನಕ್ಕಿಂತ ಹೆಚ್ಚಿರಕೂಡದು, ತಗಡಿನ ಡಬ್ಬಿ, ಗಾಜಿನ ಸೀಸೆಗಳನ್ನು ಒಯ್ಯಕೂಡದು ಎಂಬ ಕಟ್ಟುಪಾಡುಗಳುಂಟು. ರಾತ್ರಿ ಕರಡಿ ಬರುವುದೆಂದು ಆಹಾರದ ಚೀಲವನ್ನು ಹಗ್ಗದಿಂದ ಮರಕ್ಕೆ ತೂಗುಹಾಕಿ ಮಲಗುತ್ತಾರೆ. ಇದನ್ನೆಲ್ಲ ವರ್ಣಿಸಿ ಗೆಳೆಯನು, “ನಮ್ಮ ದೇಶದಾಗ ಇಂಥಾದ್ದು ಎಲ್ಯಾದ ಹೇಳು?” ಎಂದ.

ಈ ಮಾತು ನನ್ನ ಅಭಿಮಾನಕ್ಕೆ ತಾಗಿತು. ಅಭಿಮಾನವು ತಿಳಿವಳಿಕೆಗಿಂತ ಮುಂದಾಗಿ ಓಡುವಂಥದು. “ಯಾಕಿಲ್ಲ, ಅದ!” ಎಂದುಬಿಟ್ಟೆ. ಎಲ್ಲಿದೆ ಎಂಬುದನ್ನು ಆಮೇಲೆ ಯೋಚಿಸಿದೆ.

ಹುಡುಕಿದಾಗ ಉತ್ತರವು ತುಂಗಭದ್ರೆಯಲ್ಲಿ ದೊರಕಿತು. ಹೊಸಪೇಟೆಯ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗೆ, ಹಂಪಿ ಆನೆಗೊಂದಿಗಳ ಬಂಡೆಗಳ ನಡುವೆ ಹರಿಯುವ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ ಸರಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಇಂಥ ಮೀಸಲು ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಆ ಹೊಳೆಯ ಮೇಲೆ ಹರಿಗೋಲು ಇಂದಿಗೂ ಇದೆ. ಮೀಸಲು ಪ್ರದೇಶದ ದಂಡೆಯಲ್ಲಿ ಕಂಡಕಂಡಲ್ಲಿ ಗುಡಾರ ಹೂಡುವುದು ತರವಲ್ಲವಾದ್ದರಿಂದ, ಪರಿಚಿತರೊಬ್ಬರ ಬಾಳೆಯ ತೋಟದಲ್ಲಿ ಎರಡು ರಾತ್ರಿ ತಂಗಲು ಒಪ್ಪಿಗೆ ಪಡೆದೆವು.

ನಮ್ಮ ಮನೆಯಾಕೆ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಟ್ಟಳು. ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ನಾನೇ ಕೊಂಡೆ. ಕಲಬುರಗಿಗೂ ಒಂದು ಕಮಲಾಪುರವುಂಟು, ಹಂಪಿಗೂ ಒಂದು ಕಮಲಾಪುರವುಂಟು. ಒಂದರ ಹಣ್ಣನ್ನು ಇನ್ನೊಂದರ ನೆರೆಗೆ ಒಯ್ದು ತಿನ್ನುವ ಸುಖವೇ ಬೇರೆ. ದಾರಿಯಲ್ಲಿ ಜೇವರ್ಗಿಯನ್ನು ಸೇರುವ ಮೊದಲು ಭೀಮೆಯನ್ನು ದಾಟಿದೆವು. ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದೆವು. ಲಿಂಗಸುಗೂರು, ಸಿಂಧನೂರು, ಗಂಗಾವತಿಗಳನ್ನು ಹಿಂದಿಕ್ಕಿ ಸಂಜೆಯ ಹೊತ್ತಿಗೆ ತುಂಗಭದ್ರೆಯ ದಂಡೆಯಲ್ಲಿ ನಿಂತೆವು. ನೀರಿಲ್ಲದ ಊರಿನವರೆಂದು ಹೇಳಿಕೊಳ್ಳುವ ನಾವು ಒಂದೇ ಹಗಲಿನಲ್ಲಿ ಮೂರು ಮಹಾನದಿಗಳನ್ನು ಕಂಡಿದ್ದೆವು.

ನಮ್ಮನ್ನು ಕರೆದೊಯ್ಯಲು ಒಪ್ಪಿದ ಅಂಬಿಗರಿಗೆ ಅರುವತ್ತರ ಸುಮಾರು ವಯಸ್ಸು. ನಾವು ಅವರನ್ನು ‘ಕಾಕಾ’ ಎಂದೆವು. ಅವರು ನಮ್ಮನ್ನು ‘ಸರ’ ಎಂದರು. ಅವರ ಹರಿಗೋಲನ್ನು ಕಂಡು ಗೆಳೆಯನು ಒಂದು ಗಳಿಗೆ ಸುಮ್ಮನಾದ. ಬಿದಿರಿನ ಸೀಳುಗಳನ್ನು ಹೆಣೆದು, ಹೊರಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ದೊಡ್ಡದೊಂದು ಬುಟ್ಟಿ. ಮುಂದು ಯಾವುದು, ಹಿಂದು ಯಾವುದು ತಿಳಿಯದು. ಹಿಂದಿನ ಕಾಲದಲ್ಲಿ ಪ್ಲಾಸ್ಟಿಕ್ಕಿನ ಸ್ಥಾನದಲ್ಲಿ ಚರ್ಮವಿರುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನು ಇದೇ ಹೊಳೆಯನ್ನು ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವು ನೆಟ್ಟಗೆ ಸಾಗಲಾರದೆ ತಿರುಗುತ್ತಲೇ ಇರುತ್ತವೆಂದು ಅಚ್ಚರಿಪಟ್ಟಿದ್ದಾನೆ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವನಾದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಬರುತ್ತಿದ್ದ ದುಂಡು ಚರ್ಮದೋಣಿಗಳ ವಿಷಯ ಹೇಳುತ್ತಾನೆ. ಪ್ರವಾಹಕ್ಕೆ ಎದುರಾಗಿ ಹಿಂದಿರುಗಲು ಸಾಧ್ಯವಿಲ್ಲವಾಗಿ, ವರ್ತಕರು ಚೌಕಟ್ಟನ್ನು ಅಲ್ಲೇ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರಂತೆ. ಕತ್ತೆಯೂ ಅದೇ ದೋಣಿಯಲ್ಲಿ ಬಂದಿರುತ್ತಿತ್ತು!

ಇಷ್ಟನ್ನೂ ನಾನು ಕಾಕಾ ಅವರಿಗೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, “ಹೌದೇನ್ರಿ ಸರ? ಹಂಗಾರ ಲಗೂನ ಕುಂದರ್ರಿ, ಗಾಳಿ ಬರತೈತಿ” ಎಂದರು. ಕೈಯಲ್ಲಿ ಹುಟ್ಟನ್ನು ಹಿಡಿದು ಹುಟ್ಟಿದವರ ಮುಂದೆ ಗ್ರಂಥಸ್ಥ ವಿದ್ಯೆಯ ಬೆಲೆ ಅಷ್ಟೇ. ಹನ್ನೆರಡನೆಯ ಶತಮಾನದ ನೇರ ನುಡಿಯ ವಚನಕಾರ ಅಂಬಿಗರ ಚೌಡಯ್ಯನು ಇದೇ ಹೊಳೆಯ ಮೇಲಣ ದಂಡೆಯವನೆಂಬುದು ನೆನಪಾಗಿ, ನಾನು ತೆಪ್ಪಗೆ ಕುಳಿತೆ.

ಜನವರಿಯ ಹೊಳೆ ಇಳಿದಿತ್ತು. 1953ರಲ್ಲಿ ಪೂರ್ಣವಾದ ಅಣೆಕಟ್ಟಿನ ಕೆಳಗಿನ ಈ ಹೊಳೆಗೆ ತನ್ನದೇ ಆದ ಇಚ್ಛೆಯಿಲ್ಲ, ಬಿಟ್ಟಷ್ಟು ಹರಿಯುತ್ತದೆ. ಐದು ತಿಂಗಳ ಹಿಂದೆ, 2024ರ ಆಗಸ್ಟ್ 10ರ ರಾತ್ರಿ, ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಗಿದ್ದಾಗ ಹೊಳೆ ಹೇಗೆ ಏರಿತ್ತೆಂಬುದನ್ನು ಕಾಕಾ ಬಂಡೆಗಳ ಮೇಲಿನ ಗೆರೆ ತೋರಿಸಿ ಹೇಳಿದರು. ಈಗ ಆ ಬಂಡೆಗಳ ನಡುವೆ ನೀರು ಮಡುಮಡುವಾಗಿ ನಿಂತು, ಕಿರಿದಾದ ಕಂಡಿಗಳಲ್ಲಿ ನುಸುಳಿ ಹೋಗುತ್ತಿತ್ತು. ಕಂಡಿ ತೀರ ಕಿರಿದಾದಲ್ಲಿ ಕಾಕಾ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ಆಮೆಯ ಹಾಗೆ ನಡೆದು ಮುಂದಿನ ಮಡುವಿಗೆ ಇಳಿಸುತ್ತಿದ್ದರು. ಗೆಳೆಯನು ಮಿನ್ನೆಸೋಟವನ್ನು ಕಂಡವನಂತೆ ಹಿಗ್ಗಿದ. “ಒಂದು ಕನೂ ಉದ್ದದ ದಾರಿ, ಒಂದು ರಾಡ್!” ಎಂದು ಎಣಿಸತೊಡಗಿದ. ಕಾಕಾ ಅವರಿಗೆ ಅಳತೆಯ ಗೊಡವೆಯಿರಲಿಲ್ಲ, ಭಾರದ ಗೊಡವೆಯಿತ್ತು.

ಹಕ್ಕಿಗಳ ವಿಷಯದಲ್ಲಿ ಹೊಳೆ ಜಿಪುಣತನ ಮಾಡಲಿಲ್ಲ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಹರವಿ, ಒಗೆದ ಕೊಡೆಗಳಂತೆ ಒಣಗುತ್ತಿದ್ದವು. ಮಿಂಚುಳ್ಳಿಯೊಂದು ನಮ್ಮ ಮುಂದೆ ಮುಂದೆ ಹಾರಿ, ಪ್ರತಿ ತಿರುವಿನಲ್ಲೂ ನಾವು ಬಂದೆವೋ ಇಲ್ಲವೋ ಎಂದು ಕಾಯುವಂತಿತ್ತು. ಟಿಟ್ಟಿಭಗಳು ನಮ್ಮ ಆಗಮನವನ್ನು ಊರಿಗೆಲ್ಲ ಸಾರಿದವು. ದೂರದ ಮರಳದಿಬ್ಬದ ಮೇಲೆ ಒಂದು ಒಣಗಿದ ಕೊರಡು ಬಿದ್ದಿತ್ತು. ನಾವು ಸಮೀಪಿಸುವಷ್ಟರಲ್ಲಿ ಆ ಕೊರಡು ಸದ್ದಿಲ್ಲದೆ ಜಾರಿ ನೀರಿನೊಳಗೆ ಹೋಯಿತು. “ಮೊಸಳಿರಿ. ಸಣ್ಣದು” ಎಂದರು ಕಾಕಾ. ಹರಿಗೋಲಿನ ಅಂಚಿನ ಮೇಲಿದ್ದ ನನ್ನ ಕೈ ತಾನಾಗಿಯೇ ಒಳಗೆ ಬಂತು.

ರಾತ್ರಿ ತೋಟದ ಗುಡಿಸಲಿನ ಪಕ್ಕದಲ್ಲಿ ಗೆಳೆಯನ ಗುಡಾರ ಎದ್ದಿತು. ಸುತ್ತಲ ಗುಡ್ಡಗಳಲ್ಲಿ ಕರಡಿಯೂ ಉಂಟು, ಚಿರತೆಯೂ ಉಂಟು. ಅಣತಿ ದೂರದ ದರೋಜಿಯಲ್ಲಿ 1994ರಿಂದ ಕರಡಿಗಳಿಗಾಗಿಯೇ ಒಂದು ಅಭಯಾರಣ್ಯವಿದೆ. ಆದುದರಿಂದ ಗೆಳೆಯನು ಅಮೆರಿಕೆಯ ಪದ್ಧತಿಯಂತೆ ರೊಟ್ಟಿ, ಹಿಂಡಿ, ಬಾಳೆಹಣ್ಣುಗಳ ಚೀಲವನ್ನು ಹಗ್ಗದಿಂದ ಬೇವಿನ ಮರದ ಎತ್ತರದ ಕೊಂಬೆಗೆ ತೂಗುಹಾಕಿದ. ಕಾಕಾ ಏನೋ ಹೇಳಹೊರಟು ಸುಮ್ಮನಾದರು. ರಾತ್ರಿಯೆಲ್ಲ ಬಂಡೆಗಳ ಕಡೆಯಿಂದ ಕೊಂಬಿನ ಗೂಬೆಯ ಗಂಭೀರ ಹುಂಕಾರ, ನಡುನಡುವೆ ನರಿಗಳ ಸಾಮೂಹಿಕ ಕೂಗು ಕೇಳುತ್ತಿದ್ದವು. ಕರಡಿ ಬರಲಿಲ್ಲ. ಬೆಳಗಿನ ಜಾವ ಬಂದವು ಕೋತಿಗಳು. ಮರ ಹತ್ತಲಾರದ ಪ್ರಾಣಿಗಾಗಿ ಮಾಡುವ ಉಪಾಯವು ಕಿಷ್ಕಿಂಧೆಯಲ್ಲಿ ನಡೆಯದೆಂಬುದು ರಾಮಾಯಣ ಪಾಠ ಹೇಳುವ ನನಗಾದರೂ ಹೊಳೆಯಬೇಕಿತ್ತು. ಅಮೆರಿಕೆಯ ಕರಡಿಯೂ ಮರ ಹತ್ತುತ್ತದೆಂದು ಗೆಳೆಯನು ಆಮೇಲೆ ವಾದಿಸಿದನಾದರೂ, ಕೆಂಪು ಬಾಳೆಯ ಸಿಪ್ಪೆಗಳ ಮುಂದೆ ಆ ವಾದಕ್ಕೆ ಬಲವಿರಲಿಲ್ಲ.

ಇನ್ನು ನಾನು ಹೇಳಹೊರಟ ಮುಖ್ಯ ವಿಷಯಕ್ಕೆ ಬರುತ್ತೇನೆ.

ಆ ಮುಂಜಾನೆ ಕಾಕಾ ಹಿಂದಿನ ರಾತ್ರಿ ಹಾಕಿದ್ದ ತಮ್ಮ ಬಲೆಯನ್ನು ನೋಡಿಬರಲು ಹೊರಟರು. “ಇಲ್ಲೇ ದಂಡಿ ಮ್ಯಾಲೆ ಇರ್ರಿ ಸರ, ಎಲ್ಲೂ ಹೋಗಬ್ಯಾಡ್ರಿ” ಎಂದು ಹೇಳಿಯೇ ಹೋದರು. ನಾವು ಓದಿದವರು, ಹೇಳಿದ್ದನ್ನು ಕೇಳುವ ಅಭ್ಯಾಸವಿಲ್ಲ. ದಂಡೆಯಿಂದ ಹತ್ತು ಮಾರು ದೂರದಲ್ಲಿ, ಮೊಣಕಾಲುದ್ದದ ನೀರಿನಾಚೆ, ಒಂದಕ್ಕೊಂದು ಒರಗಿದ ನಾಲ್ಕಾರು ಬಂಡೆಗಳಿದ್ದವು. ಅಲ್ಲಿಂದ ಸೂರ್ಯೋದಯದ ಚಿತ್ರ ಚೆನ್ನಾಗಿ ಬರುವುದೆಂದು ಗೆಳೆಯನು ಕ್ಯಾಮೆರಾ ಎತ್ತಿಕೊಂಡ. ನಾನು ಧೋತರ ಎತ್ತಿಕೊಂಡೆ. ಬಂಡೆಯ ಮೇಲೆ ಮೀನಿನ ಹುರುಪೆಗಳು ಹರಡಿಕೊಂಡು ಕಮಟು ವಾಸನೆ ಬರುತ್ತಿತ್ತು. ಯಾರೋ ಅಡಿಗೆ ಮಾಡಿಕೊಂಡಿರಬೇಕೆಂದು ನಾನೆಂದೆ. ಹಕ್ಕಿಗಳ ಹಿಕ್ಕೆಯೆಂದು ಅವನೆಂದ. ಕೆಳಗಡೆ ಬಂಡೆಗಳ ನಡುವೆ ಒಂದು ಕತ್ತಲೆಯ ಸಂದು ಇತ್ತು. ಅದರ ಬಾಯಿಗೆ ಸರಿಯಾಗಿ ಕಾಲು ಇಳಿಬಿಟ್ಟುಕೊಂಡು ಇಬ್ಬರೂ ಕುಳಿತೆವು.

ಸ್ವಲ್ಪ ಹೊತ್ತಿನ ಮೇಲೆ ಮಡುವಿನ ನಡುವೆ ನೀರಿನ ಮೇಲೊಂದು ಗೆರೆ ಮೂಡಿತು. ಗೆರೆಯ ತುದಿಯಲ್ಲಿ ಒಂದು ಚಪ್ಪಟೆ ತಲೆ, ಬಿಳಿಯ ಮೀಸೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರುನಾಯಿಗಳು! ನಾಲ್ಕು ದೊಡ್ಡವು, ಅವುಗಳ ನಡುವೆ ತಲೆಯನ್ನು ಕಷ್ಟದಿಂದ ನೀರಿನ ಮೇಲೆ ಹಿಡಿದಿದ್ದ ಮೂರು ಮರಿಗಳು. ಈಜು ಕಲಿತು ಹೆಚ್ಚು ದಿನಗಳಾಗಿರಲಾರದು. ಒಂದು ತಾಯಿಯ ಬೆನ್ನನ್ನು ಹತ್ತಲು ಹವಣಿಸಿ ಜಾರುತ್ತಿತ್ತು.

ಈ ಪ್ರಾಣಿಯ ಹೆಸರಿನ ವಿಷಯವಾಗಿ ಒಂದು ಮಾತು. ಕನ್ನಡ, ತಮಿಳು, ತೆಲುಗುಗಳಲ್ಲಿ ಇದು ನೀರಿನ ನಾಯಿ. ಹಿಂದಿಯಲ್ಲಿ ಊದ್‌ಬಿಲಾವ್, ಎಂದರೆ ನೀರಿನ ಬೆಕ್ಕು. ಸಂಸ್ಕೃತದ ‘ಉದ್ರ’ ಶಬ್ದವೂ ಇಂಗ್ಲಿಷಿನ ‘ಆಟರ್’ ಶಬ್ದವೂ ಒಂದೇ ಮೂಲದವು. ದಕ್ಷಿಣದವರು ನಾಯಿಯನ್ನು ಕಂಡಲ್ಲಿ ಉತ್ತರದವರು ಬೆಕ್ಕನ್ನು ಕಂಡರು. ಪ್ರಾಣಿಶಾಸ್ತ್ರದ ಮಾತು ಕೇಳಿದರೆ ಎರಡೂ ಅಲ್ಲ. ಇದು ತರಕರಡಿಯ ಬಳಗದ್ದು. ತುಂಗಭದ್ರೆಯ ನೀರುನಾಯಿ ನುಣುಪಾದ ತುಪ್ಪುಳಿನ ಜಾತಿಯದು. ಕುಟುಂಬ ಕಟ್ಟಿಕೊಂಡು ಬಾಳುತ್ತದೆ. ಎಲ್ಲವೂ ಸಾಲುಗಟ್ಟಿ ಮೀನನ್ನು ಅಟ್ಟಿಕೊಂಡು ಹೋಗಿ ಹಿಡಿಯುತ್ತವೆ. ಕಾಲ್ಬೆರಳುಗಳ ನಡುವೆ ಜಾಲಪೊರೆ, ಚುಕ್ಕಾಣಿಯಂಥ ಚಪ್ಪಟೆ ಬಾಲ, ಕದಡಿದ ನೀರಿನಲ್ಲೂ ಮೀನಿನ ಚಲನೆಯನ್ನು ಅರಿಯಬಲ್ಲ ಮೀಸೆ.

ಇವು ಆಟವಾಡುತ್ತಿವೆಯೆಂದು ನಾವು ತಿಳಿದೆವು. ನಮ್ಮ ಕಡೆಗೆ ಬರುತ್ತಿದ್ದವು, ನಿಲ್ಲುತ್ತಿದ್ದವು, ಎದೆಯವರೆಗೆ ನೀರಿನಿಂದ ಮೇಲೆದ್ದು ನಮ್ಮನ್ನು ದಿಟ್ಟಿಸಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು, ಹಿಂದಕ್ಕೆ ಹೋಗುತ್ತಿದ್ದವು. ಮತ್ತೆ ಬರುತ್ತಿದ್ದವು. ಮರಿಗಳು ಸೀಟಿ ಹಾಕಿದಂತೆ ಕೂಗುತ್ತಿದ್ದವು. ಗೆಳೆಯನು ಒಂದರ ಮೇಲೊಂದು ಚಿತ್ರ ತೆಗೆಯುತ್ತ, “ನೋಡೋ, ನಮ್ಮನ್ನ ನೋಡ್ಲಿಕ್ಕೆ ಬಂದಾವ!” ಎಂದು ಪಿಸುಗುಟ್ಟಿದ. ನಾನು ಈ ಅಂಕಣದ ಮೊದಲನೆಯ ವಾಕ್ಯವನ್ನು ಮನಸ್ಸಿನಲ್ಲಿ ರಚಿಸತೊಡಗಿದ್ದೆ. ಅದು ಈಗ ನೀವು ಓದಿದ ವಾಕ್ಯವಲ್ಲ.

ಆಗ ಹಿಂದಿನಿಂದ ನನ್ನ ಭುಜವನ್ನು ಹುಟ್ಟಿನ ತುದಿ ಮೆಲ್ಲಗೆ ತಟ್ಟಿತು. ಕಾಕಾ ಹರಿಗೋಲನ್ನು ಬಂಡೆಯ ಹಿಂಬದಿಗೆ ಸದ್ದಿಲ್ಲದೆ ತಂದು ನಿಲ್ಲಿಸಿದ್ದರು. ಬಾಯಿಯ ಮೇಲೆ ಬೆರಳಿಟ್ಟು, ಎದುರಿನ ಮರಳದಿಬ್ಬದ ಕಡೆಗೆ ಗದ್ದ ತೋರಿಸಿದರು. ನಿನ್ನೆಯ ಕೊರಡು ಅಲ್ಲಿ ಬಿದ್ದಿತ್ತು. ನಾವು ನೋಡುತ್ತಿದ್ದಂತೆಯೇ ಅದು ಜಾರಿತು. ಒಂದು ಅಲೆ ಕೂಡ ಏಳಲಿಲ್ಲ.

“ಇಳೀರಿ” ಎಂದರು, ಅಷ್ಟೇ.

ಇಳಿದೆವು. ಗೆಳೆಯನ ಪಾದರಕ್ಷೆಯೊಂದು ಬಂಡೆಯ ಮೇಲೆ ಉಳಿಯಿತು. ಅದನ್ನು ತೆಗೆದುಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಾಕಾ ಹುಟ್ಟು ಹಾಕದೆ ಬರಿಗೈಯಿಂದ ಬಂಡೆಯನ್ನು ನೂಕಿ ಹರಿಗೋಲನ್ನು ಪ್ರವಾಹಕ್ಕೆ ಬಿಟ್ಟರು. ನೂರಡಿ ಸರಿದು, ಆಪಿನ ಹುಲ್ಲಿನ ಮರೆಯಲ್ಲಿ ನಿಂತೆವು.

ನಾವು ಬಂಡೆಯನ್ನು ಬಿಟ್ಟ ಕೂಡಲೇ ತಾಯಿ ಬಾಣದಂತೆ ಬಂತು. ಒಂದು ಮರಿಯನ್ನು ಕುತ್ತಿಗೆಯ ಬಳಿ ಬಾಯಿಯಲ್ಲಿ ಕಚ್ಚಿಕೊಂಡಿತ್ತು. ನಾವು ಕಾಲು ಇಳಿಬಿಟ್ಟು ಕುಳಿತಿದ್ದ ಸಂದಿನೊಳಗೆ ಅದನ್ನು ಬಿಟ್ಟು ಮರಳಿತು. ಎರಡನೆಯ ಮರಿ ತಾನಾಗಿಯೇ ಈಜಿ ಬಂದು ಬಂಡೆಯನ್ನು ತಬ್ಬಿತು. ಉಳಿದ ಮೂರು ದೊಡ್ಡವು ಮಡುವಿನ ನಡುವೆಯೇ ನಿಂತಿದ್ದವು. ಅವು ಈಗ ನಮ್ಮತ್ತ ನೋಡುತ್ತಿರಲಿಲ್ಲ. ಮೊಸಳೆ ಮುಳುಗಿದ ದಿಕ್ಕಿಗೆ ಮುಖ ಮಾಡಿ, ಒಂದಕ್ಕೊಂದು ಒತ್ತಿಕೊಂಡು, ಉಸಿರು ಚಿಮ್ಮಿಸುತ್ತ ಮುಳುಗಿ ಏಳುತ್ತಿದ್ದವು. ಮೂರನೆಯ ಮರಿ ಕಾಣಿಸಲಿಲ್ಲ. ಗೆಳೆಯನು ನನ್ನ ತೋಳನ್ನು ಹಿಡಿದುಕೊಂಡಿದ್ದ. ಅವನ ಉಗುರಿನ ಗುರುತು ಎರಡು ದಿವಸ ಇತ್ತು. ಎಷ್ಟು ಹೊತ್ತು ಕಳೆಯಿತೋ ಹೇಳಲಾರೆ. ಗಡಿಯಾರದ ಲೆಕ್ಕದಲ್ಲಿ ಒಂದೆರಡು ನಿಮಿಷ ಇದ್ದಿರಬೇಕು. ಆಮೇಲೆ ಬಂಡೆಯ ಬುಡದಲ್ಲಿ ಒಂದು ಸಣ್ಣ ಸೀಟಿ ಕೇಳಿಸಿತು. ಪ್ರವಾಹಕ್ಕೆ ಸಿಕ್ಕಿ ಕೆಳಗೆ ತೇಲಿಹೋಗಿದ್ದ ಮರಿ, ದಂಡೆಯ ಗುಂಟ ನಡೆದು ಬಂದು, ನೀರು ಜಾಡಿಸಿಕೊಂಡು ಒಳಗೆ ಹೋಯಿತು.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆ ಮೇಲೆ ಕಾಕಾ ಹೇಳಿದರು: “ಆ ಹುರುಪಿ, ಆ ವಾಸನಿ ಐತಲ್ಲ, ಅದು ಅವುಗಳ ಮನಿ ಗುರ್ತು, ತಮ್ಮಾ. ನಿಮ್ಮ ಮನಿ ಬಾಗಲದಾಗ ಪರದೇಶದವರು ಬಂದು ಕುಂತು, ನೀವು ಮಕ್ಕಳನ್ನ ಕಟಗೊಂಡು ಓಣಿಯಾಗ ನಿಂತ್ರ ಹೆಂಗಿರತೈತಿ?”

ಅವರು ‘ಸರ’ ಎನ್ನಲಿಲ್ಲ, ‘ತಮ್ಮಾ’ ಎಂದರು. ಬೈದದ್ದು ಹಿರಿಯರ ಬೈಗುಳವಾದುದರಿಂದ ಉತ್ತರ ಹೇಳಲು ದಾರಿಯಿರಲಿಲ್ಲ. ನಾನು ಗೆಳೆಯನ ಮುಖವನ್ನು ನೋಡಲಿಲ್ಲ.

ದಂಡೆಗೆ ಬಂದಾಗ ಹರಿಗೋಲಿನ ತಳದಲ್ಲಿದ್ದ ಬಲೆಯನ್ನು ಕಂಡೆವು. ಒಂದು ಮೂಲೆ ಪೂರ್ತಿ ಹರಿದಿತ್ತು. ಅರ್ಧ ತಿಂದ ಮೀನೊಂದು ಸಿಕ್ಕಿಕೊಂಡಿತ್ತು. ಅದೂ ಆ ಕುಟುಂಬದ್ದೇ ಕೆಲಸ. ಕಾಕಾ ಬೇವಿನ ನೆರಳಿನಲ್ಲಿ ಕುಳಿತು, ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ನೂಲು ಪೋಣಿಸತೊಡಗಿದರು. ಅದು ಎರಡು ದಿವಸದ ಕೆಲಸವಂತೆ. ಗೆಳೆಯನು ಹಣದ ಚೀಲ ತೆಗೆದ. ಕಾಕಾ ಹರಿಗೋಲಿನ ಬಾಡಿಗೆಯನ್ನು ಎಣಿಸಿ ತೆಗೆದುಕೊಂಡು ಉಳಿದುದನ್ನು ಹಿಂದಕ್ಕೆ ಕೊಟ್ಟರು. “ಬಲಿ ಹರದದ್ದು ನೀವಲ್ಲ” ಎಂದರು.

“ನಿಮಗ ಸಿಟ್ಟು ಬರೋದಿಲ್ಲೇನು, ಕಾಕಾ?” ಎಂದು ನಾನು ಕೇಳಿದೆ.

“ಬರದೇನ್ರಿ? ಬರತೈತಿ. ನಮ್ಮಪ್ಪ ಕಲ್ಲು ಒಗೀತಿದ್ದ, ನಾನೂ ಒಗದೀನಿ. ಆದ್ರ ನೀರುನಾಯಿ ಇದ್ದ ಮಡುವಿನಾಗ ಮೀನು ಐತಿ ಅಂತ ತಿಳೀರಿ. ಮದ್ದು ಸಿಡಿಸಿದ ಮಡುವಿನಾಗ ಅವೂ ಇರೂದಿಲ್ಲ, ಮೀನೂ ಇರೂದಿಲ್ಲ, ನಾನೂ ಇರೂದಿಲ್ಲ.”

ಇದಕ್ಕಿಂತ ಸಂಕ್ಷೇಪವಾಗಿ ಯಾವ ಪಂಡಿತನೂ ಹೇಳಲಾರ. ಸಿಡಿಮದ್ದು ಎಸೆದು ಮೀನು ಹಿಡಿಯುವವನು ಮೀನಿನ ಮೊಟ್ಟೆಮರಿಗಳನ್ನೂ ಕೊಲ್ಲುತ್ತಾನೆ. ಮರಳು ತೋಡುವವನು ಅವು ಬಿಸಿಲು ಕಾಯುವ ದಂಡೆಯನ್ನೇ ಹೊತ್ತೊಯ್ಯುತ್ತಾನೆ. ಊರ ಕೊಳಚೆ ಉಳಿದುದನ್ನು ಮುಗಿಸುತ್ತದೆ. ಇನ್ನು ಕೆಲವು ದೇಶಗಳಲ್ಲಿ ಮುದ್ದಿಗಾಗಿ ಮನೆಗಳಲ್ಲಿ ಸಾಕುವ ಹುಚ್ಚಿನಿಂದ ಮರಿಗಳ ಕಳ್ಳಸಾಗಣೆ ಹೆಚ್ಚಿದುದರಿಂದ, 2019ರಲ್ಲಿ ರಾಷ್ಟ್ರಗಳೆಲ್ಲ ಸೇರಿ ಈ ಜಾತಿಯ ನೀರುನಾಯಿಯ ವ್ಯಾಪಾರವನ್ನು ನಿಷೇಧಿಸಬೇಕಾಯಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಆದರೆ ಮಡುವಿನ ದಂಡೆಯಲ್ಲಿ ಕಾಯ್ದೆಯ ಪುಸ್ತಕವಿರುವುದಿಲ್ಲ. ಹರಿದ ಬಲೆಯನ್ನು ಹಿಡಿದ ಮನುಷ್ಯನಿರುತ್ತಾನೆ. ಅವನು ಕಲ್ಲೆತ್ತುವುದೂ ಬಿಡುವುದೂ ಅವನ ಮನಸ್ಸಿಗೆ ಬಿಟ್ಟದ್ದು. ಅವನ ಎರಡು ದಿವಸದ ದುಡಿಮೆಯ ಮೇಲೆ ಈ ಮೀಸಲು ನಿಂತಿದೆಯೆಂಬುದನ್ನು ನಾವು, ದೂರದ ಊರುಗಳಲ್ಲಿ ಕುಳಿತು ಪ್ರಾಣಿದಯೆಯನ್ನು ಕುರಿತು ಬರೆಯುವವರು, ಮರೆಯಬಾರದು.

ಬಾಂಗ್ಲಾದೇಶದ ನಡಾಯಿಲ್ ಎಂಬಲ್ಲಿ ಬೆಸ್ತರು ತಲೆಮಾರುಗಳಿಂದ ನೀರುನಾಯಿಗಳನ್ನು ಪಳಗಿಸಿ, ಅವುಗಳಿಂದ ಮೀನನ್ನು ಬಲೆಗೆ ಅಟ್ಟಿಸಿಕೊಳ್ಳುತ್ತ ಬಂದಿದ್ದಾರೆಂದು ಗೆಳೆಯನು ಹೇಳಿದಾಗ ಕಾಕಾ ಮೊದಲ ಸಲ ನಕ್ಕರು: “ನಮ್ಮವಕ್ಕ ಸಾಲಿ ಕಲಿಸಿಲ್ರಿ. ಅವಕ್ಕ ಅಟ್ಟೂದು ಗೊತ್ತೈತಿ, ಬಿಡೂದು ಗೊತ್ತಿಲ್ಲ.”

ಮರಳಿ ಬರುವಾಗ ಮೂರು ನದಿಗಳನ್ನೂ ಕತ್ತಲೆಯಲ್ಲಿ ದಾಟಿದೆವು. ಗೆಳೆಯನು ಒಂದು ಕಾಲಿಗೆ ಕಾಕಾ ಕೊಟ್ಟ ಹಳೆಯ ಚಪ್ಪಲಿ ಹಾಕಿಕೊಂಡು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ. ತಿಂಥಣಿಯ ಸೇತುವೆ ದಾಟುವಾಗ, “ಆ ಹುಡುಗಿದು ಪರೀಕ್ಷಾ ಯಾವಾಗ ಮುಗೀತಾದ?” ಎಂದು ಕೇಳಿದ. ಯಾವ ಹುಡುಗಿಯೆಂದು ನಾನು ಕೇಳಲಿಲ್ಲ. “ಏಪ್ರಿಲ್ ಮೊದಲನೇ ವಾರದಾಗ” ಎಂದೆ.

ಮನೆ ಮಾರಾಟವಾಯಿತು. ಅದನ್ನು ತಪ್ಪಿಸುವ ಶಕ್ತಿ ನೀರುನಾಯಿಗಳಿಗೂ ಇಲ್ಲ, ಅಂಕಣಕಾರರಿಗೂ ಇಲ್ಲ. ಆದರೆ ಕರಾರುಪತ್ರದಲ್ಲಿ ಏಪ್ರಿಲ್ ತಿಂಗಳ ಕೊನೆಯವರೆಗೆ ಬಾಡಿಗೆದಾರರು ಇರತಕ್ಕದ್ದೆಂದು ಒಂದು ವಾಕ್ಯ ಸೇರಿತು. ಆ ವಾಕ್ಯಕ್ಕಾಗಿ ಕೊಳ್ಳುವವರು ಬೆಲೆಯನ್ನು ಸ್ವಲ್ಪ ಇಳಿಸಿದರು. ಎಷ್ಟು ಇಳಿಸಿದರೆಂದು ಗೆಳೆಯನು ಹೇಳಲಿಲ್ಲ. ಬಲೆಯ ಬೆಲೆಯನ್ನು ಕಾಕಾ ಹೇಳಲಿಲ್ಲವಲ್ಲ, ಹಾಗೆ.

ಊರು ಬಿಡುವ ಹಿಂದಿನ ಸಂಜೆ ಅವನು ನನ್ನನ್ನು ಆ ಮನೆಗೆ ಕರೆದುಕೊಂಡು ಹೋದ. ಹಳೆಯ ಹೊಸ್ತಿಲಿನ ಮೇಲೆ ಒಂದು ಸಲ ಜೊತೆಯಾಗಿ ಕೂಡಬೇಕೆಂದು ಅವನ ಆಸೆಯಿತ್ತೆಂದು ತೋರುತ್ತದೆ. ಆದರೆ ಅಲ್ಲಿ ಆ ಹುಡುಗಿ ಗಣಿತದ ಪುಸ್ತಕ ಹಿಡಿದು ಕುಳಿತಿದ್ದಳು. ನಮ್ಮನ್ನು ಕಂಡು ಏಳಹೊರಟಳು. ಗೆಳೆಯನು, “ಕೂಡವ್ವ, ಕೂಡು, ಓದಕೋ” ಎಂದು ಹೇಳಿ, ಓಣಿಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿದ.

ಅವನು ತೆಗೆದ ಚಿತ್ರಗಳು ಮೊನ್ನೆ ಬಂದವು. ನೀರುನಾಯಿಗಳು ಎದೆಯವರೆಗೆ ಮೇಲೆದ್ದು ನೋಡುತ್ತಿರುವ ಚಿತ್ರವನ್ನು ಕಂಡು ನಮ್ಮ ಮನೆಯಾಕೆ, “ಎಷ್ಟು ಚಂದ ನಗಲಿಕತ್ತಾವ!” ಎಂದಳು. ಆ ಮುಂಜಾನೆ ನಾವೂ ಹಾಗೆಯೇ ತಿಳಿದಿದ್ದೆವು.